ಕೆಂಪು ಸೆಕೆಂಡ್ ಮುಳ್ಳು

ಒಂದು ಸೆಕೆಂಡ್ ಮುಳ್ಳಿಗಾಗಿ ದೀಪಕ್ ಮೂರು ತಾಲ್ಲೂಕು ಸುತ್ತಿ ರೋಸಿಹೋಗಿದ್ದ. ಹಳೇ ಮಷೀನಿಗೆ ಹೊಸ ಡಯಲು, ಹೊಸ ಕೇಸು ಹಾಕಿ ವಾಚು ಕಟ್ಟುವುದು ಅವನ ಹುಚ್ಚು. ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಮುಳ್ಳುಗಳು ನೋಡಲು ಚೆಂದ, ತೂತಿನ ಅಳತೆ ಮಾತ್ರ ಒಂದರದ್ದೂ ಹೊಂದಲಿಲ್ಲ. ಸಾಗರದ ಅಂಗಡಿಗಳಲ್ಲಿ ನಕ್ಕು ಕಳಿಸಿದರು. ತೀರ್ಥಹಳ್ಳಿಯಲ್ಲಿ ಸಿಕ್ಕಿದ್ದಕ್ಕೆ ತುಕ್ಕು ಹಿಡಿದಿತ್ತು.

ಸರಿಯಾದದ್ದು ಇದ್ದದ್ದು ಹೊಸನಗರದಲ್ಲಿ, ಸುಮನಾಳ ವಾಚ್ ರಿಪೇರಿ ಅಂಗಡಿಯ ಗಾಜಿನ ಡಬ್ಬಿಯೊಳಗೆ, ಕೆಂಪಗೆ. ಅವಳು ಕೊಡಬೇಕಲ್ಲ.

“ಬಿಡಿಯಾಗಿ ಕೊಡಲ್ಲ ಮಾರಾಯ್ರೆ. ಮನೇಲಿ ಬಗ್ಗಿಸಿ ಹಾಳು ಮಾಡ್ತೀರಿ, ಆಮೇಲೆ ನಮಗೇ ಬೈತೀರಿ. ವಾಚ್ ತನ್ನಿ, ನಾನೇ ಕೂರಿಸಿ ಕೊಡ್ತೀನಿ.” ಅದು ಅವಳಪ್ಪ ಶೇಷಪ್ಪ ಹಾಕಿಟ್ಟ ಪದ್ಧತಿ. ನಾಲ್ಕು ಸಲ ಹೋದರೂ ಅದೇ ಉತ್ತರ.

ತರುವುದು ಹೇಗೆ? ಕಟ್ಟುತ್ತಿದ್ದದ್ದೇ ಅವಳಿಗಾಗಿ. ಊರವರ ವಾಚೆಲ್ಲ ನಡೆಸುವ ಅವಳ ಕೈಯಲ್ಲೇ ಒಂದು ವಾಚಿಲ್ಲ. “ಯಾವ್ದೂ ಹಿಡಿಸ್ಲೇ ಇಲ್ಲ” ಎಂದಿದ್ದಳು ಒಮ್ಮೆ. ಮುಗಿಸಿ, ಮುಂದಿಟ್ಟು, ಬೆರಗಾಗಿಸಿ ಮನಸ್ಸಿನ ಮಾತು ಹೇಳಬೇಕೆಂದಿದ್ದ.

ಐದನೇ ಸಲ ಹೋದಾಗ ಅವಳು ತಲೆ ಎತ್ತದೆ ಹೇಳಿದಳು: “ಇರೋದು ಇದೊಂದೇ. ನಾಳೆ ಬೇರೆ ಗಿರಾಕಿ ವಾಚ್ ತರ್ತಾರೆ.”

ದೀಪಕನಿಗೆ ಅಳುವೇ ಬಂತು. ಜೇಬಿನಿಂದ ವಾಚು ತೆಗೆದು ಮೇಜಿನ ಮೇಲಿಟ್ಟ.

ಅವಳು ಪುಟ್ಟ ಪಟ್ಟಿಯನ್ನು ಬೆರಳಿಗೆ ಸುತ್ತಿ ನೋಡಿದಳು. ಮುಖ ಸಪ್ಪಗಾಯಿತು. “ಹೆಂಗಸ್ರದ್ದು. ಚೀಟಿ ಬರೀಬೇಕು. ವಾಚ್ ಯಾರದ್ದು?”

“ಬರೀರಿ. ಸುಮನಾ.”

ಪೆನ್ನು ‘ಸು’ ಬರೆದು ನಿಂತಿತು. ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆದು ಅವನನ್ನು ಬರಿಗಣ್ಣಿನಿಂದ ನೋಡಿದಳು. ಅವಳ ಕಿವಿ ಕೆಂಪಾಗಿತ್ತು.

“ಇನಿಷಿಯಲ್ಲು?” ದನಿ ಅರ್ಧ ಇಳಿದಿತ್ತು.

“ಸದ್ಯಕ್ಕೆ ನಿಮ್ಮಪ್ಪಂದೇ ಇರ್ಲಿ.”

ಅವಳು ತುಟಿ ಕಚ್ಚಿ ನಗು ತಡೆದಳು. ಚಿಮಟದಲ್ಲಿ ಕೆಂಪು ಮುಳ್ಳನ್ನು ಎತ್ತಿದಳು, ಮತ್ತೆ ಡಬ್ಬಿಗೇ ಇಟ್ಟಳು. “ಕೈ ನಡುಗ್ತಿದೆ. ನಾಳೆ ಬನ್ನಿ.”

“ಐದು ಸಲ ಬಂದಿದೀನಿ ಕಣ್ರೀ. ನಾಳೆ ಆ ಗಿರಾಕಿ ಬಂದ್ರೆ?”

“ಅಂಥವ್ರು ಯಾರೂ ಇಲ್ಲ. ನಿಮ್ಮ ಬಾಯಿ ಬಿಡಿಸ್ಬೇಕಿತ್ತು.” ಚೀಟಿಯನ್ನು ಪುಸ್ತಕದಿಂದ ಹರಿದು ಅವನ ಕೈಗಿಟ್ಟಳು. “ಬರೋವಾಗ ಮನೆಯವ್ರನ್ನೂ ಕರ್ಕೊಂಡು ಬನ್ನಿ. ನಾಳೆ ಅಪ್ಪ ಅಂಗಡೀಲಿ ಇರ್ತಾರೆ.”