ಕೆತ್ತದೆ ಬಿಟ್ಟ ಮುಖ

ಬಸವಂತ ನನ್ನದೊಂದು ಬಿಟ್ಟು ಎಲ್ಲರ ಮುಖವನ್ನೂ ಕೆತ್ತಿದ್ದ.

ಅಮೆರಿಕದ ಪ್ಯೂಬ್ಲೊ ಮೂಲನಿವಾಸಿಗಳು ಕ್ರಿಸ್‌ಮಸ್ ಹಿಂದಿನ ರಾತ್ರಿ ಮೇರಿಯಮ್ಮನನ್ನು ಹೊತ್ತು, ದೊಡ್ಡ ದೊಡ್ಡ ಬೆಂಕಿಗಳ ನಡುವೆ ಮೆರವಣಿಗೆ ಹೋಗುತ್ತಾರಂತೆ. ಯಾವುದೋ ಪುಸ್ತಕದಲ್ಲಿ ಅದನ್ನು ಓದಿದಾಗಿನಿಂದ ಅವನಿಗೆ ಅದೇ ಹುಚ್ಚು. ನಾವಿಬ್ಬರೂ ಅಚ್ಚುಚಿತ್ರ ತೆಗೆಯುವುದನ್ನು ಕಲಿಯುತ್ತಿದ್ದ ಜಯನಗರದ ಸ್ಟುಡಿಯೋದಲ್ಲಿ, 2002ರ ಡಿಸೆಂಬರಿನಲ್ಲಿ, ಮರದ ಹಲಗೆಯ ಮೇಲೆ ಆ ರಾತ್ರಿಯನ್ನು ಕೆತ್ತಲು ಕೂತ. ಮೆರವಣಿಗೆಯ ಒಬ್ಬ ಹೆಂಗಸಿಗೆ ಮಾದರಿಯಾಗಿ ಶಾಲು ಹೊದ್ದು ನಿಲ್ಲಲು ಒಬ್ಬರು ಬೇಕಿತ್ತು. ನಾನು ನಿಂತೆ.

ಅವನು ನನ್ನನ್ನು ನೋಡುವುದು, ನಾನು ನೋಡಿದ ಕೂಡಲೇ ಹಲಗೆ ನೋಡುವುದು. ವಾರವಿಡೀ ಇದೇ ನಡೆಯಿತು. ಇವನಿಗೆ ನಾನೆಂದರೆ ಇಷ್ಟವೋ ಇಲ್ಲವೋ ತಿಳಿಯದೆ ನನ್ನ ತಲೆ ಕೆಟ್ಟುಹೋಗಿತ್ತು. ನನ್ನನ್ನು ನೋಡಿ ಹೋಗಿದ್ದ ಕುಮಾರಸ್ವಾಮಿ ಲೇಔಟಿನ ಗಂಡಿನ ಕಡೆಯವರಿಗೆ ವಾರದ ಕೊನೆಯ ದಿನ ಸಂಜೆ ಉತ್ತರ ಬೇರೆ ಹೇಳಬೇಕಿತ್ತು.

ಆ ದಿನ ಅವನು ರೋಲರಿನಿಂದ ಹಲಗೆಗೆ ಮಸಿ ಬಳಿದು, ಕಾಗದ ಒತ್ತಿ, ಮೆಲ್ಲಗೆ ಎತ್ತಿದ. ಕೆತ್ತಿದ ಕಡೆಯೆಲ್ಲ ಬಿಳಿ: ಬೆಂಕಿ, ಮೇಣದಬತ್ತಿ, ಮುಖಗಳು. ಶಾಲಿನವಳ ಮುಖ ಮಾತ್ರ ಕಪ್ಪು.

"ನನ್ ಮುಖ ಎಲ್ಲಿ?"

"ರಾತ್ರಿ ಅಲ್ಲೇನ್ರಿ..."

"ಬೇರೆಯವ್ರಿಗೆಲ್ಲ ಹಗಲಾ?"

ಅವನು ರೋಲರ್ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ. ನನಗೆ ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ಬ್ಯಾಗ್ ಹೆಗಲಿಗೇರಿಸಿದೆ.

"ಇಷ್ಟ ಇಲ್ಲ ಅಂದ್ರೆ ಬಾಯ್ಬಿಟ್ಟು ಹೇಳ್ಬಹುದಿತ್ತು. ಹೀಗೆ ಮುಖಕ್ಕೆ ಮಸಿ ಬಳಿಯೋದು ಬೇಕಿರ್ಲಿಲ್ಲ."

"ಸತ್ಯಭಾಮಾ, ನಿಲ್ರಿ." ಅವನು ರೋಲರ್ ಕೆಳಗಿಟ್ಟ. "ಮರ ಒಮ್ಮೆ ಕೆತ್ತಿದ್ರ ತಿರುಗಿ ಹಚ್ಚಾಕ ಬರೂದಿಲ್ಲ. ಉಳಿದವ್ರ ಮೂಗು ಸೊಟ್ಟ ಆದ್ರ ಆಗ್ಲಿ ಅಂತ ಕೆತ್ತಿದೆ. ನಿಮ್ಮ ಮುಖಕ್ಕ ಬಂದ್ರ ಅಂಜಿಕಿ ಬರ್ತೈತ್ರಿ. ದಿನಾ ಉಳಿ ಹಿಡೀತೀನಿ, ದಿನಾ ಕೆಳಗ ಇಡ್ತೀನಿ."

"ಯಾಕೆ?"

"ಯಾಕಂದ್ರ... ನನಗ ನೀವಂದ್ರ ಭಾಳ ಇಷ್ಟ. ಅದನ್ನೂ ಹೇಳಾಕ ಬರ್ಲಿಲ್ಲ ನೋಡ್ರಿ."

ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಇಷ್ಟಪಟ್ಟವಳ ಮುಖವನ್ನೇ ಕಪ್ಪಾಗಿ ಬಿಡುವ ಗಂಡಸನ್ನು ನಾನೆಲ್ಲೂ ಕಂಡಿರಲಿಲ್ಲ. ಬ್ಯಾಗ್ ಕೆಳಗಿಟ್ಟೆ. ಉಳಿ ಎತ್ತಿ ಅವನ ಕೈಗೆ ಕೊಟ್ಟು, ಎದುರಿಗೆ ಸ್ಟೂಲ್ ಎಳೆದುಕೊಂಡು ಕೂತೆ. ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ.

"ಈಗ ಕೆತ್ತಿ."

"ಕೆಟ್ಟು ಹೋದ್ರ?"

"ಹೋಗ್ಲಿ ಬಿಡಿ. ನಾನು ಇಲ್ಲೇ ಇರ್ತೀನಲ್ಲ."