ಹಿಮಚಿರತೆ ಬೆಟ್ಟದ ಕೊನೆಯ ಪುಟ

“ನಮ್ಮವರು ತಾವಾಗೇ ಸಾವು ತಂದುಕೊಂಡ್ರು ಅಂತಾರ್ರಿ ಎಲ್ಲಾರೂ. ಒಬ್ಬರೇ ಗುಡ್ಡಾ ಹತ್ತೋ ಮನಷ್ಯಾರಲ್ಲ ಅವರು. ಖರೇ ಏನಂತ ಹೇಳ್ರಿ ಅಕ್ಕಾರ, ಅಷ್ಟ ಸಾಕು.”

ಕಮಲಾಕ್ಷಿ ಗಂಡನ ಟಿಪ್ಪಣಿ ಪುಸ್ತಕವನ್ನು ಗೋದಾಬಾಯಿಯವರ ಮೇಜಿನ ಮೇಲಿಟ್ಟಳು. ೧೯೯೨ರ ಮಾರ್ಚ್, ಸಿಕಂದರಾಬಾದಿನಲ್ಲಿ ಬಿಸಿಲು ಆಗಲೇ ಏರಿತ್ತು. ಗೋದಾಬಾಯಿ ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕಿ. ನಾನು, ನಲಿನಿ, ಅವರ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ಸಹಾಯಕಿಯಾಗಿದ್ದವಳು. ಊರಿನ ಕನ್ನಡ ಮನೆಗಳಲ್ಲಿ ಬಗೆಹರಿಯದ್ದೆಲ್ಲ ಕಡೆಗೆ ಅವರ ಮೇಜಿಗೇ ಬರುತ್ತಿತ್ತು.

ಕಮಲಾಕ್ಷಿಯ ಗಂಡ ರಾಮದಾಸರು ಹಿಮಚಿರತೆ ನೋಡಿ ಬರೆದಿಡಲು ಪ್ರತಿ ಫೆಬ್ರವರಿ ಲಡಾಖಿನ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಿದ್ದರು. ಚಳಿಗೆ ನೀಲಿಕುರಿಗಳು ಕಣಿವೆಗೆ ಇಳಿಯುತ್ತವೆ. ಅವುಗಳ ಬೆನ್ನಿಗೆ ಹಿಮಚಿರತೆಯೂ ಇಳಿಯುತ್ತದೆ. ಈ ಸಲ ಜೊತೆಗಿದ್ದವರು ಇಬ್ಬರು: ಹತ್ತು ಚಳಿಗಾಲ ಅಲ್ಲಿ ಕಳೆದ ವೀರಭದ್ರಪ್ಪ, ಮೊದಲ ಸಲ ಹಿಮ ಕಂಡ ಅಮೃತಪ್ಪ. ಕೊನೆಯ ಬೆಳಿಗ್ಗೆ ಡೇರೆಯಲ್ಲಿ ಮಲಗಿದ್ದೆವೆಂದು ಇಬ್ಬರೂ ಹೇಳಿದ್ದರು. ರಾಮದಾಸರ ಹೆಣ ಕಮರಿಯಲ್ಲಿ ಸಿಕ್ಕಿತ್ತು. ಅವರ ಚೀಲವನ್ನು ಮನೆಗೆ ತಂದುಕೊಟ್ಟವನು ಅಮೃತಪ್ಪ.

ಪುಸ್ತಕವೆಲ್ಲ ಪೆನ್ಸಿಲ್ ಬರಹ. ಕೊನೆಯ ಪುಟ ಮಾತ್ರ ನೀಲಿ ಶಾಯಿಯದು: ‘ಏಳು ಗಂಟೆ. ಮೈನಸ್ ಇಪ್ಪತ್ತೆರಡು. ಒಬ್ಬನೇ ಬಂದಿದ್ದೇನೆ.’ ಅಲ್ಲಿಂದ ಒಂಬತ್ತರ ತನಕ ಹತ್ತು ನಿಮಿಷಕ್ಕೊಂದು ಸಾಲು.

“ಅಕ್ಷರ ಅವರದ ಇದ್ದಂಗ ಐತಿ,” ಎಂದಳು ಕಮಲಾಕ್ಷಿ. “ಅದಕ್ಕ ಎದಿ ಒಡದೈತಿ.”

ಭಾನುವಾರ ಗೋದಾಬಾಯಿ ಕಮಲಾಕ್ಷಿಯನ್ನೂ ಆ ಇಬ್ಬರನ್ನೂ ಕರೆಸಿದರು. ಸ್ಟೀಲಿನ ಡಬ್ಬಿಯಲ್ಲಿ ಮಂಜುಗಡ್ಡೆಯ ಪುಡಿಗೆ ಉಪ್ಪು ಬೆರೆಸಿ, ಶಾಯಿ ಪೆನ್ನೊಂದನ್ನು ಗಾಜಿನ ನಳಿಕೆಯಲ್ಲಿಟ್ಟು ಅದರೊಳಗೆ ಇಳಿಸಿದ್ದರು.

“ಏನ್ರಿ ಅಕ್ಕಾರ, ಕುಲ್ಫಿ ಮಾಡಾಕತ್ತೀರೇನು?” ಎಂದು ವೀರಭದ್ರಪ್ಪ ನಕ್ಕರು.

ಉಷ್ಣಮಾಪಕ ಮೈನಸ್ ಹದಿನೆಂಟು ತೋರಿಸಿತು. ಗೋದಾಬಾಯಿ ಪೆನ್ನು ತೆಗೆದು ಕಾಗದದ ಮೇಲೆ ಗೀಚಿದರು. ಏನೂ ಮೂಡಲಿಲ್ಲ.

“ಹೆಂಗ ಮೂಡ್ತೈತ್ರಿ? ಅದಕ್ಕ ಅಲ್ಲಿ ನಾವು ಪೆನ್ಸಿಲ್...” ವೀರಭದ್ರಪ್ಪ ಮಾತು ನಿಲ್ಲಿಸಿದರು. ಅವರ ಕಣ್ಣು ತೆರೆದಿಟ್ಟ ನೀಲಿ ಪುಟದ ಮೇಲೆ ಬಿದ್ದಿತ್ತು.

“ಎದೀ ಕಿಸೇದಾಗ ಬೆಚ್ಚಗ ಇಟ್ಕೊಂಡಿದ್ರ?” ಎಂದ ಅಮೃತಪ್ಪ.

“ಎರಡು ಸಾಲು ಆಗ್ತಿತ್ತು,” ಎಂದರು ಗೋದಾಬಾಯಿ. “ ಇದು ಎರಡು ತಾಸಿನ ಲೆಕ್ಕ, ಒಂದು ಅಕ್ಷರಾನೂ ಮಸುಕಿಲ್ಲ. ಬರದವ ಬೆಚ್ಚಗ ಕೂತು ಬರದಾನ. ಹತ್ತು ಚಳಿಗಾಲ ಕಂಡವರು ಈ ತಪ್ಪು ಮಾಡಂಗಿಲ್ಲ. ಚೀಲ ಇದ್ದದ್ದು ನಿನ್ನ ಕೈಯಾಗ, ನೋಡಿ ತಿದ್ದಾಕ ಅವರ ಅಕ್ಷರಾನೂ ಅದರಾಗ ಇದ್ದುವು. ಇನ್ನ, ‘ಒಬ್ಬನೇ’ ಅಂತ ಬರಿಯೋ ಜರೂರತ್ತು ಯಾರಿಗಿತ್ತು? ಜೊತೀಗೆ ಹೋದವಗ.”

ಅಮೃತಪ್ಪ ನೀಲಿ ಪುಟವನ್ನು ಅಂಗೈಯಿಂದ ಮುಚ್ಚಿದ. “ನಾ ದಬ್ಬಲಿಲ್ರಿ. ಅವರ ಕಾಲು ಜಾರಿತು. ಇಳದ್ರ ನಾನೂ ಹೋಗ್ತೀನಂತ ಹೆದರಿ ಓಡಿ ಬಂದೆ. ಹೊದ್ಕೊಂಡು ಮಲಗಿದೆ.”

“ನನ್ನ ಎಬ್ಬಿಸಲಿಲ್ಲಲ್ಲೋ!” ವೀರಭದ್ರಪ್ಪ ಎದ್ದು ನಿಂತರು. “ಹಗ್ಗ ನನ್ನ ತಲಿದೆಸೀಗೇ ಇತ್ತು!”

ಕಮಲಾಕ್ಷಿ ಮೆಲ್ಲನೆ ಕೇಳಿದಳು: “ಅವರು ಕರದ್ರೇನು?”

“ಹೆಸರು ಹಿಡಿದು ಕರದ್ರು.”

“ಎಷ್ಟ ಹೊತ್ತು?”

“ನಾ ಹೊಳಿ ದಾಟೋ ತನಕ ಕೇಳಸ್ತಿತ್ರಿ.”

ಕಮಲಾಕ್ಷಿ ಬಿದ್ದ ಜಾಗದಿಂದ ಹೊಳೆಗೆ ನಡೆಯಲು ಎಷ್ಟು ಹೊತ್ತು ಬೇಕೆಂದು ವೀರಭದ್ರಪ್ಪನವರನ್ನು ಕೇಳಿದಳು.