ನಾಗಮಂಗಲ ರಸ್ತೆಯಲ್ಲಿ ನಿಂತ ಕಾರು

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಪಾಂಡವಪುರದ ಠಾಣೆಗೆ ಬಂದ ಕುಮಾರ್ ಕುರ್ಚಿಯಲ್ಲಿ ಕೂರಲೂ ಇಲ್ಲ. ತೊಣ್ಣೂರಿನ ಕಡೆಯವನು, ಮನೆಯಲ್ಲಿ ಹತ್ತು ಹಸು ಸಾಕಿದ್ದ.

"ಬಂಕ್‌ನೋರು ಪೆಟ್ರೋಲ್‌ಗೆ ಏನೋ ಬೆರಸವ್ರೆ ಮೇಡಂ. ಹಾಕಿಸ್ಕಂಡು ನಾಕ್ ಮೈಲಿ ಓಗಿಲ್ಲ, ಗಾಡಿ ಗಡಗಡ ನಡುಗಿ ನಿಂತೋಯ್ತು. ಕೇಸ್ ಹಾಕಿ. ನಾಳೆ ಬೆಳಿಗ್ಗೆಗೆ ಗಾಡಿ ಬೇಕು."

"ಕಾರಲ್ಲಿ ಯಾರಿದ್ರು?" ಸಬ್ ಇನ್‌ಸ್ಪೆಕ್ಟರ್ ದೀಪಶ್ರೀ ಕೇಳಿದಳು.

"ನಾನು, ನನ್ ಹೆಂಡ್ತಿ ರಮ್ಯ. ನಾಕ್ ತಿಂಗಳ ಬಸ್ರಿ. ಚೆಕಪ್‌ಗೆ ನಾಗಮಂಗಲ ರಸ್ತೇಲಿ ಓಯ್ತಿದ್ದೊ."

ದೂರು ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಚಿಕ್ಕಸ್ವಾಮಿಯೊಂದಿಗೆ ದೀಪಶ್ರೀ ಬಂಕ್‌ಗೆ ಹೋದಳು. ನೀರಿದ್ದರೆ ಬಣ್ಣ ಬದಲಾಗುವ ಪೇಸ್ಟ್ ಸವರಿದ ಕೋಲನ್ನು ನೆಲದಡಿಯ ಟ್ಯಾಂಕಿಗೆ ಇಳಿಸಿ ನೋಡಿದರು. ಬಣ್ಣ ಬದಲಾಗಲಿಲ್ಲ. ಪಂಚರ ಎದುರಲ್ಲಿ ಸ್ಯಾಂಪಲ್ ತೆಗೆದು ಸೀಲ್ ಮಾಡಿದರು. ಅದೇ ಬೆಳಿಗ್ಗೆ ಅಲ್ಲಿ ಪೆಟ್ರೋಲ್ ಹಾಕಿಸಿದ್ದ ಶಾಲೆಯ ವ್ಯಾನು, ಎರಡು ಆಟೋಗಳು ಆರಾಮಾಗಿ ಓಡುತ್ತಿದ್ದವು.

"ನನ್ ಬೈಕೂ ಇಲ್ಲೇ ಕುಡಿಯೋದು ಮೇಡಂ," ಎಂದ ಚಿಕ್ಕಸ್ವಾಮಿ. "ಒಂದಿನ ಕೆಮ್ಮಿಲ್ಲ."

ಕಾರು ಮೆಕ್ಯಾನಿಕ್ ಶಶಾಂಕ್‌ನ ಗ್ಯಾರೇಜಿನಲ್ಲಿತ್ತು. ಸ್ಟಾರ್ಟ್ ಮಾಡಿದರೆ ಇಂಜಿನ್ ಒಂದೇ ಸಮನೆ ಅದುರುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಉಸಿರು ಸಿಕ್ಕಿಕೊಂಡಂತೆ ಆಫ್ ಆಗುತ್ತಿತ್ತು. ಪ್ಲಗ್ ಬದಲಿಸಿದರೂ ಅಷ್ಟೇ. ಕೊನೆಗೆ ಹಿಂದಿನ ಸೀಟು ಎತ್ತಿ, ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪನ್ನು ಹೊರತೆಗೆದರು. ಅದರ ಜಾಲರಿಯ ತುಂಬ ಕಂದು ಲೇಪ.

"ತುಕ್ಕು," ಎಂದ ಶಶಾಂಕ್.

"ಕೆರೆ ಗೋಡುಮಣ್ಣು ಕಣ್ಲಾ ಅದು," ಎಂದ ಚಿಕ್ಕಸ್ವಾಮಿ.

ದೀಪಶ್ರೀ ಒಂದಿಷ್ಟನ್ನು ಕಾಗದದ ಮೇಲೆ ಹರಡಿ, ಪೆಟ್ರೋಲ್ ಆರುವವರೆಗೆ ಕಾದು, ಬೆರಳಲ್ಲಿ ತಿಕ್ಕಿದಳು. ದಿನವೂ ಮಗಳಿಗೆ ಮುದ್ದೆ ಮಾಡಿಟ್ಟು ಡ್ಯೂಟಿಗೆ ಬರುವ ಕೈ ಅದು. ಜೀಪಿನ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಒಂದು ತೊಟ್ಟು ಅಯೋಡಿನ್ ತಂದು ಹಾಕಿದಳು. ಪುಡಿ ಕಪ್ಪು ನೀಲಿಯಾಯಿತು.

"ರಾಗಿ ಹಿಟ್ಟು."

ಚಿಕ್ಕಸ್ವಾಮಿ ಜೀಪಿನಿಂದ ಟಾರ್ಚ್ ತಂದ.

ಟಾರ್ಚ್ ಹಿಡಿದು ಪೆಟ್ರೋಲ್ ಹಾಕುವ ಕೊಳವೆಯೊಳಗೆ ನೋಡಿದರು. ಗೋಡೆಗೆ ಅಲ್ಲಲ್ಲಿ ಹಿಟ್ಟು ಅಂಟಿಕೊಂಡಿತ್ತು. ಮೊದಲೇ ಸುರಿದ ಹಿಟ್ಟು ಕೊಳವೆಯಲ್ಲೇ ಸಿಕ್ಕಿಕೊಂಡಿದೆ. ಬಂಕ್‌ನಲ್ಲಿ ಪೆಟ್ರೋಲ್ ಬಿದ್ದಾಗ ಕೊಚ್ಚಿಕೊಂಡು ಒಳಗಿಳಿದಿದೆ. ಅಲ್ಲಿಯವರೆಗೂ ಕಾರು ಚೆನ್ನಾಗಿ ಓಡಿದ್ದು ಅದಕ್ಕೇ. ಮುಚ್ಚಳ ಕೀಲಿ ಇಲ್ಲದೆ ತೆರೆಯುವುದಿಲ್ಲ, ಮೀಟಿದ ಗುರುತೂ ಇಲ್ಲ. ಮನೆಯವರದೇ ಕೆಲಸ. ಪಂಚನಾಮೆ ಬರೆದು ಕಾರನ್ನು ವಶಕ್ಕೆ ಪಡೆದರು.

ಠಾಣೆಯಲ್ಲಿ ಕಾಯುತ್ತಿದ್ದ ಕುಮಾರ್ ಸಿಡಿದ. "ಗಾಡಿ ಕೊಡಕ್ಕಿಲ್ವಾ?"

"ರಮ್ಯನ ಚೆಕಪ್ ಇಲ್ಲೀವರೆಗೂ ಎಲ್ಲಿ?" ದೀಪಶ್ರೀ ಕೇಳಿದಳು.

"ಅವಳ ತವರಲ್ಲಿ, ಶ್ರೀರಂಗಪಟ್ಟಣ."

"ನಾಗಮಂಗಲ ರಸ್ತೇಲಿ ಏನು ಕೆಲ್ಸ ಇತ್ತು?"

"ಬೇರೆ ಡಾಕ್ಟ್ರು."

"ಹೆಸರು?"

"ಜ್ಞಾಪಕ ಇಲ್ಲ."

ಅವನು ಹೊರಗೆ ಹೋಗಿ ಫೋನ್ ಮಾಡಿದ. ಬೀಡಿ ಹಚ್ಚುವ ನೆಪದಲ್ಲಿ ಹತ್ತಿರ ನಿಂತಿದ್ದ ಚಿಕ್ಕಸ್ವಾಮಿ ಓಡಿಬಂದ. "ಮೇಡಂ, ಕೆ.ಆರ್. ಪೇಟೆಯಿಂದ ಬಾಡಿಗೆ ಕಾರು ಕರೆಸ್ತಾವ್ನೆ. ನಾಳೆ ಏಳಕ್ಕೆ ಕರ್ಕೊಂಡ್ ಬತ್ತೀನಿ ಅಂತ ಯಾರಿಗೋ ಹೇಳ್ದ."

ದೀಪಶ್ರೀ ಕ್ಯಾಪ್ ಕೈಗೆತ್ತಿಕೊಂಡಳು. ಕುಮಾರನನ್ನು ಹೇಳಿಕೆಯ ನೆಪದಲ್ಲಿ ಠಾಣೆಯಲ್ಲೇ ಕೂರಿಸಿ, ಸಂಜೆಯೊಳಗೆ ಅವನ ಮನೆ ತಲುಪಿದಳು. ಹಿತ್ತಲ ನಲ್ಲಿಯ ಬಳಿ ಅವನ ತಾಯಿ ಚಿಕ್ಕಬೋರಮ್ಮ ಪಾತ್ರೆ ತೊಳೆಯುತ್ತಿದ್ದಳು.

"ಅಮ್ಮ, ಕಾರಿಗೆ ಹಿಟ್ಟು ಸುರಿದೋರು ಯಾರು?"

ಮುದುಕಿ ತಲೆ ಎತ್ತಲಿಲ್ಲ. "ನಾನೇ ಕಣವ್ವ. ಸಕ್ರೆ ಆಕುದ್ರೆ ಗಾಡಿ ನಿಂತೋಯ್ತದೆ ಅಂತಿದ್ರು. ಮನೇಲಿದ್ದುದ್ದು ಒಂದ್ ಲೋಟ ಸಕ್ರೆ. ಹಿಟ್ಟಿಗೇನು ಬರವಾ?"

"ಕೀಲಿ ಯಾರು ಕೊಟ್ರು?"

"ನಾನು." ಬಾಗಿಲಲ್ಲಿ ರಮ್ಯ ನಿಂತಿದ್ದಳು.

ದೀಪಶ್ರೀ ಒಗೆಯುವ ಕಲ್ಲಿನ ಮೇಲೆ ಕುಳಿತಳು. ರಮ್ಯ ನಿಧಾನವಾಗಿ ಹೇಳಿದಳು. ನಾಗಮಂಗಲದ ಆಚೆ ಒಂದು ತೋಟದ ಮನೆ. ನಿಂಗರಾಜು ಅನ್ನುವವನು ಪೆಟ್ಟಿಗೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ತರುತ್ತಾನೆ. ಹೋದ ವರ್ಷ ಹೆಣ್ಣು ಅಂದ. ಆಮೇಲೆ ಗಂಡ ಗರ್ಭ ಇಳಿಸುವ ಮಾತ್ರೆ ನುಂಗಿಸಿದ. ಇವತ್ತು ಹೊರಟಿದ್ದೂ ಅಲ್ಲಿಗೇ.

"ಬ್ಯಾಡ ಅಂತ ಕೈ ಮುಗ್ದೆ ಮೇಡಂ."

"ಆವತ್ತು ನಾನು ಸುಮ್ಕೆ ಕುಂತಿದ್ದೆ," ಎಂದಳು ಚಿಕ್ಕಬೋರಮ್ಮ. "ಮೂರು ದಿನ ಇವಳ ಬಟ್ಟೆ ಒಗ್ದೋಳು ನಾನು. ಹಸ ಹೆಣ್ಗರ ಆಕುದ್ರೆ ಊರ್ಗೆಲ್ಲ ಗಿಣ್ಣಾಲು ಅಂಚ್ತಾನೆ ನನ್ ಮಗ. ಹೊಟ್ಟೇಲಿರೋ ಹೆಣ್ಣು ಕಂಡ್ರೆ ಆಗಕ್ಕಿಲ್ಲ."

ಅವಳು ಪಾತ್ರೆ ಕೆಳಗಿಟ್ಟಳು. "ನನ್ನ ಹಿಡ್ಕೊಂಡೋಗವ್ವ. ನಾಳೆ ಮಾತ್ರ ಇವಳನ್ನ ಕಳಿಸಬ್ಯಾಡ."

ರಮ್ಯಳನ್ನು ಅಂದೇ ಶ್ರೀರಂಗಪಟ್ಟಣದ ತವರಿಗೆ ತಲುಪಿಸಿದರು; ಚಿಕ್ಕಬೋರಮ್ಮನೂ ಜೊತೆಗೆ ಹೋದಳು. ಕುಮಾರನನ್ನೂ ಅವನ ಫೋನನ್ನೂ ರಾತ್ರಿ ಠಾಣೆಯಲ್ಲೇ ಉಳಿಸಿಕೊಂಡರು. ಮಂಗಳವಾರ ಬೆಳಿಗ್ಗೆ ಆರೋಗ್ಯಾಧಿಕಾರಿ ಹಾಗೂ ನಾಗಮಂಗಲದ ಪೊಲೀಸರೊಂದಿಗೆ ತೋಟದ ಮನೆಗೆ ದಾಳಿ ನಡೆಯಿತು. ಗೇಟು ತೆರೆದ ನಿಂಗರಾಜು ಜೀಪಿನ ಸದ್ದನ್ನು ಬಾಡಿಗೆ ಕಾರಿನದೆಂದೇ ತಿಳಿದಿದ್ದ. ಹಾಸಿಗೆಯ ಮೇಲೆ ಮೆಷಿನ್ ಸಿದ್ಧವಾಗಿತ್ತು. ಹೊಸ ಎಫ್‌ಐಆರ್‌ನಲ್ಲಿ ನಿಂಗರಾಜು, ಕುಮಾರ್ ಇಬ್ಬರನ್ನೂ ಬಂಧಿಸಲಾಯಿತು. ಬಂಕ್‌ನ ಮೇಲಿನ ದೂರಿನಲ್ಲಿ ಹುರುಳಿಲ್ಲವೆಂದು ವರದಿ ಹೋಯಿತು. ಮಹಜರು ಮುಗಿದ ಮೇಲೆ ಶಶಾಂಕ್ ಟ್ಯಾಂಕ್ ತೊಳೆದು ಹೊಸ ಜಾಲರಿ ಹಾಕಿದ. ಇಂಜಿನ್ ತಣ್ಣಗೆ ಓಡಿತು.

ವಿಚಾರಣೆಯಲ್ಲಿ ಕುಮಾರ್ ಅತ್ತ. ಕೆಟ್ಟವನಲ್ಲ ತಾನು ಎಂದ. "ನಮ್ಮಪ್ಪ ಸಾಯೋವಾಗ ಕೊಟ್ಗೆ ನಿಲ್ಲಿಸಬ್ಯಾಡ ಕಣ್ಲಾ ಅಂದಿದ್ದ ಮೇಡಂ. ಗಂಡಿಲ್ದಿದ್ರೆ ಯಾರು ನೋಡ್ಕತಾರೆ ದನವಾ?"

ದೀಪಶ್ರೀ ಬರೆಯುವುದನ್ನು ನಿಲ್ಲಿಸಿದಳು.

"ಇಷ್ಟು ದಿನ ಸಗಣಿ ಬಾಚಿ ಹಾಲು ಕರೀತಿದ್ದೋರು ಯಾರು ಕುಮಾರ್?"

"ನಮ್ಮವ್ವ... ರಮ್ಯ," ಎಂದ ಅವನು. ಹೇಳಿದ್ದು ತನಗೇ ಕೇಳಿಸಿದಂತೆ ಬಾಯಿ ಮುಚ್ಚಿಕೊಂಡ.